ಒಂದೇ ‘ಅಲ್ಲಿ’, ಮೂರು ಇಂಗ್ಲಿಷ್ ಪದ: ಪ್ರಿಪೊಸಿಷನ್ ನಮ್ಮನ್ನು ಎಡವಿಸುವುದೆಲ್ಲಿ

ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ಗೋಡೆಯಲ್ಲಿ ಗಡಿಯಾರವಿದೆ. ಪೆಟ್ಟಿಗೆಯಲ್ಲಿ ಬಟ್ಟೆಯಿದೆ. ಕನ್ನಡದ ಈ ಮೂರೂ ವಾಕ್ಯಕ್ಕೆ ಒಂದೇ ‘ಅಲ್ಲಿ’ ಸಾಕಾಯಿತು. ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಬಾಗಿಲಿಗೆ ‘ಆ್ಯಟ್’ ಬೇಕು, ಗೋಡೆಗೆ ‘ಆನ್’ ಬೇಕು, ಪೆಟ್ಟಿಗೆಗೆ ‘ಇನ್’ ಬೇಕು. ನಾವು ಒಂದೇ ಎಂದುಕೊಂಡ ಸಂಗತಿಯನ್ನು ಆ ಭಾಷೆ ಮೂರಾಗಿ ಸೀಳಿ ಇಟ್ಟುಕೊಂಡಿದೆ.

ಹತ್ತಾರು ವರ್ಷ ಇಂಗ್ಲಿಷ್ ಓದಿ, ಕಾಲ, ವಚನ ಎಲ್ಲ ಸರಿಯಾಗಿ ಬರೆಯುವವರೂ ಪ್ರಿಪೊಸಿಷನ್ ಎಂಬ ಇಂಥ ಪುಟ್ಟ ಪದ ಬಂದಾಗ ಪೆನ್ನು ತಡೆಯುತ್ತಾರೆ. ಇದಕ್ಕೆ ಕಾರಣ ಜ್ಞಾಪಕಶಕ್ತಿಯ ಕೊರತೆಯಲ್ಲ. ನಮ್ಮ ತಪ್ಪುಗಳು ಅಡ್ಡಾದಿಡ್ಡಿಯಾಗಿ ಹುಟ್ಟುವುದೂ ಇಲ್ಲ. ಅವುಗಳಲ್ಲಿ ಬಹುಪಾಲು ಕನ್ನಡದ ವಿಭಕ್ತಿಯ ಜಾಡಿನಲ್ಲೇ ನಡೆದು ಬಂದಿರುತ್ತವೆ. ಆ ಜಾಡು ಕಣ್ಣಿಗೆ ಬಿದ್ದರೆ ಯಾವ ತಪ್ಪು ಎಲ್ಲಿ ಬರುತ್ತದೆಂದು ಮೊದಲೇ ಹೇಳಬಹುದು.

ಹೆಸರಿನ ಬಗ್ಗೆ ಒಂದು ಮಾತು. ಶಾಲೆಯ ವ್ಯಾಕರಣ ಪುಸ್ತಕಗಳಲ್ಲಿ ಪ್ರಿಪೊಸಿಷನ್ನಿಗೆ ‘ಉಪಸರ್ಗ’ ಎಂದು ಬರೆದಿರುವುದುಂಟು. ನನಗೆ ಈ ಹೆಸರು ಒಗ್ಗುವುದಿಲ್ಲ. ಸಂಸ್ಕೃತದಲ್ಲಿ ಉಪಸರ್ಗವೆಂದರೆ ಪ್ರ, ಅಪ, ಸಮ್ ಮುಂತಾಗಿ ಧಾತುವಿಗೆ ಅಂಟಿಕೊಳ್ಳುವ ತುಣುಕು. ಪ್ರಹಾರ, ಅಪಹಾರ, ಸಂಹಾರಗಳಲ್ಲಿ ಇರುವುದು ಅದು. ಪ್ರಿಪೊಸಿಷನ್ ಹಾಗಲ್ಲ, ಅದು ನಾಮಪದದ ಮುಂದೆ ಬಿಡಿಯಾಗಿ ನಿಲ್ಲುವ ಪದ. ಮುಂದೆ ಇಡುವುದು ಎಂಬುದೇ ಆ ಲ್ಯಾಟಿನ್ ಮೂಲದ ಹೆಸರಿನ ಅರ್ಥ. ನಾವು ಇದೇ ಕೆಲಸವನ್ನು ನಾಮಪದದ ಹಿಂದೆ ಇಟ್ಟು ಮಾಡಿಸುತ್ತೇವೆ: ಕೆಲವೊಮ್ಮೆ ಅನ್ನು, ಇಂದ, ಗೆ, ಅಲ್ಲಿ ಎಂಬ ಪ್ರತ್ಯಯಗಳಿಂದ, ಕೆಲವೊಮ್ಮೆ ಮೇಲೆ, ಕೆಳಗೆ, ಜೊತೆ, ಬಗ್ಗೆ ಎಂಬ ಪದಗಳಿಂದ. ಹಿಂದಿನದು ಮುಂದಾಗುವುದೇನೂ ದೊಡ್ಡ ತೊಡಕಲ್ಲ, ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ. ತೊಡಕಿರುವುದು ಲೆಕ್ಕದಲ್ಲಿ. ನಮ್ಮ ವಿಭಕ್ತಿಗಳು ಏಳು. ಇಂಗ್ಲಿಷಿನ ಪ್ರಿಪೊಸಿಷನ್ನುಗಳು ನೂರರ ಆಸುಪಾಸು. ಹೀಗಿರುವಾಗ ಒಂದಕ್ಕೊಂದು ಜೋಡಿ ಕೂರುವುದಾದರೂ ಹೇಗೆ?

ಸೋಜಿಗವೆಂದರೆ ಇಂಗ್ಲಿಷ್ ಕೂಡ ಒಂದು ಕಾಲಕ್ಕೆ ನಮ್ಮ ಹಾಗೆಯೇ ಇತ್ತು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಕಲ್ಲಿಗೆ ‘ಸ್ಟಾನ್’ ಎನ್ನುತ್ತಿದ್ದರು. ‘ಸ್ಟಾನೆಸ್’ ಎಂದರೆ ಕಲ್ಲಿನ, ‘ಸ್ಟಾನೆ’ ಎಂದರೆ ಕಲ್ಲಿಗೆ. ಪ್ರಿಪೊಸಿಷನ್ನುಗಳು ಆಗಲೂ ಇದ್ದವು, ಆದರೆ ಇಡೀ ಹೊರೆ ಅವುಗಳ ತಲೆಯ ಮೇಲಿರಲಿಲ್ಲ. ಪದದ ಮೊದಲಿಗೆ ಒತ್ತು ಬೀಳುತ್ತಿದ್ದುದರಿಂದ ಕೊನೆಯ ಪ್ರತ್ಯಯಗಳು ನಾಲಿಗೆಯ ಮೇಲೆ ಮಸುಕಾದವು. ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ಮಾತಿನ ಜೊತೆಗಿನ ಒಡನಾಟವೂ ಅವನ್ನು ಸವೆಸಿತು. ಪ್ರತ್ಯಯ ಸವೆದಷ್ಟೂ ಅದರ ಕೆಲಸವನ್ನು ‘ಆವ್’, ‘ಟು’, ‘ವಿತ್’, ‘ಬೈ’ಗಳು ಹೊತ್ತುಕೊಳ್ಳಬೇಕಾಯಿತು. ಹಳೆಯ ಕುರುಹುಗಳು ಈಗಲೂ ಅಲ್ಲಲ್ಲಿ ಉಳಿದಿವೆ. ‘ಸ್ಟೋನ್ಸ್’ ಎಂದು ಷಷ್ಠಿಯಲ್ಲಿ ಸೇರಿಸುವ ಸಕಾರ ಆ ‘ಎಸ್’ ಪ್ರತ್ಯಯದ್ದೇ ಪಳೆಯುಳಿಕೆ. ‘ಹಿಮ್’ ಎಂಬುದು ಹಿಂದೆ ‘ಅವನಿಗೆ’ ಎಂಬ ಚತುರ್ಥಿಯ ರೂಪವಾಗಿತ್ತು.

(ಲಿಪಿಯದೊಂದು ಪೇಚು ಇಲ್ಲೇ ಹೇಳಿಬಿಡುತ್ತೇನೆ. ‘ಸಂಬಂಧಪಟ್ಟ’ ಎಂಬರ್ಥದ ಪದವನ್ನೂ ದೀಪ ಆರಿಸುವಾಗಿನ ಪದವನ್ನೂ ನಾವು ‘ಆಫ್’ ಎಂದೇ ಬರೆಯುತ್ತೇವೆ. ಮೊದಲನೆಯದರ ಉಚ್ಚಾರಣೆ ವಕಾರದಲ್ಲಿ ಮುಗಿಯುತ್ತದೆ, ಹಾಗಾಗಿ ಅದನ್ನು ‘ಆವ್’ ಎಂದೇ ಬರೆದಿದ್ದೇನೆ. ಮೂಲದಲ್ಲಿ ಎರಡೂ ಒಂದೇ ಪದ. ಒತ್ತಿ ಹೇಳಿದ್ದು ‘ಆಫ್’ ಆಯಿತು, ಹಗುರವಾಗಿ ಹೇಳಿದ್ದು ‘ಆವ್’ ಆಗಿ ಉಳಿಯಿತು.)

ಚುಕ್ಕಿ, ಮೈ, ಒಡಲು

ಜಾಗ ಹೇಳುವ ಮೂರು ಪದಗಳಿಗೆ ಮತ್ತೆ ಬರೋಣ. ಇವನ್ನು ಅನುವಾದದಿಂದ ಕಲಿಯಲು ಆಗದು, ಚಿತ್ರವಾಗಿ ನೋಡಬೇಕು. ‘ಆ್ಯಟ್’ ಎಂದಾಗ ಜಾಗವೊಂದು ಚುಕ್ಕಿ: ಅದಕ್ಕೆ ಉದ್ದಗಲವಿಲ್ಲ, ಭೂಪಟದಲ್ಲಿ ಗುರುತು ಹಾಕಿದ ಹಾಗೆ. ‘ಆನ್’ ಎಂದಾಗ ಅದೊಂದು ಮೈ: ಏನೋ ಅದಕ್ಕೆ ತಾಗಿಕೊಂಡಿದೆ. ‘ಇನ್’ ಎಂದಾಗ ಅದಕ್ಕೊಂದು ಒಡಲಿದೆ, ಏನೋ ಅದರೊಳಗಿದೆ.

‘ಆನ್’ ಎಂದರೆ ‘ಮೇಲೆ’ ಎಂದು ಬಾಯಿಪಾಠ ಮಾಡಿದವರಿಗೆ ಗೋಡೆಯ ಗಡಿಯಾರ ಹೇಗೋ ಸರಿಹೋದೀತು. ಚಾವಣಿಯಲ್ಲಿ ಅಂಟಿ ಕುಳಿತ ನೊಣವನ್ನು ಏನು ಮಾಡುವುದು? ಅದು ಚಾವಣಿಯ ಕೆಳಗಿದೆ. ಆದರೂ ಇಂಗ್ಲಿಷಿನಲ್ಲಿ ‘ಆನ್ ದ ಸೀಲಿಂಗ್’. ಮೇಲೆ, ಕೆಳಗೆ ಎಂಬುದು ಅಲ್ಲಿ ಮುಖ್ಯವಲ್ಲ. ತಾಗಿದೆಯೇ ಎಂಬುದಷ್ಟೇ ಮುಖ್ಯ. ತಾಗದೆ ಮೇಲಿದ್ದರೆ ‘ಅಬವ್’ ಅಥವಾ ‘ಓವರ್’. ಕನ್ನಡದ ‘ಮೇಲೆ’ ಈ ಭೇದ ಮಾಡುವುದಿಲ್ಲ. ಮೇಜಿನ ಮೇಲೆ ಪುಸ್ತಕವೂ ಇರುತ್ತದೆ, ತಲೆಯ ಮೇಲೆ ವಿಮಾನವೂ ಹಾರುತ್ತದೆ.

ಇನ್ನೊಂದು ಮಾತು: ಯಾವ ಪದ ಬರಬೇಕೆಂಬುದನ್ನು ವಸ್ತುವೊಂದೇ ತೀರ್ಮಾನಿಸುವುದಿಲ್ಲ, ನಾವು ಅದನ್ನು ನೋಡುವ ಬಗೆಯೂ ತೀರ್ಮಾನಿಸುತ್ತದೆ. ‘ಶೀ ಈಸ್ ಇನ್ ದ ಹಾಸ್ಪಿಟಲ್’ ಎಂದರೆ ಆ ಕಟ್ಟಡದ ಒಳಗಿದ್ದಾಳೆ, ಬಹುಮಟ್ಟಿಗೆ ರೋಗಿಯಾಗಿ. ‘ಶೀ ಈಸ್ ಆ್ಯಟ್ ದ ಹಾಸ್ಪಿಟಲ್’ ಎಂದರೆ ಈಗ ಇರುವ ತಾಣ ಅದು, ಯಾರನ್ನೋ ನೋಡಲು ಹೋಗಿದ್ದರೂ ಆದೀತು. ಕಟ್ಟಡ ಒಂದೇ, ಒಮ್ಮೆ ಒಡಲು, ಒಮ್ಮೆ ಚುಕ್ಕಿ. ಮೂಲೆಯೂ ಹಾಗೆಯೇ. ಕೋಣೆಯ ಮೂಲೆ ನಮ್ಮನ್ನು ಎರಡು ಕಡೆಯಿಂದ ಸುತ್ತುವರಿಯುವುದರಿಂದ ‘ಇನ್ ದ ಕಾರ್ನರ್’. ಬೀದಿಯ ಮೂಲೆ ಹೊರಚಾಚಿದ ತಿರುವು, ಆದ್ದರಿಂದ ‘ಆನ್’ ಅಥವಾ ‘ಆ್ಯಟ್ ದ ಕಾರ್ನರ್’.

ವಾಹನಗಳ ವಿಷಯದಲ್ಲಿ ಈ ಚಿತ್ರ ಕೈಕೊಡುತ್ತದೆ ಎಂದು ಹಲವರು ದೂರುತ್ತಾರೆ. ಬಸ್ಸಿಗೂ ಒಡಲಿದೆ, ಕಾರಿಗೂ ಒಡಲಿದೆ. ಆದರೂ ‘ಆನ್ ದ ಬಸ್’, ‘ಇನ್ ದ ಕಾರ್’. ಇದಕ್ಕೊಂದು ಕೈಗುರುತು ಇದೆ. ಹತ್ತಿದ ಮೇಲೆ ಎದ್ದು ನಿಂತು ನಡೆದಾಡಬಹುದಾದ ಬಸ್ಸು, ರೈಲು, ವಿಮಾನ, ಹಡಗುಗಳಿಗೆ ‘ಆನ್’. ಬಗ್ಗಿ ನುಸುಳಿ ಕೂರಬೇಕಾದ ಕಾರು, ಟ್ಯಾಕ್ಸಿಗಳಿಗೆ ‘ಇನ್’. ಸೈಕಲ್ಲು, ಕುದುರೆಗಳ ಮೇಲೆಯೇ ಕೂರುವುದರಿಂದ ಅವಕ್ಕೂ ‘ಆನ್’. ಇಳಿಯುವಾಗಲೂ ಇದೇ ಲೆಕ್ಕ: ಬಸ್ಸಿನಿಂದ ‘ಗೆಟ್ ಆಫ್’, ಕಾರಿನಿಂದ ‘ಗೆಟ್ ಔಟ್ ಆವ್’.

ಕಾಲಕ್ಕೂ ಇದೇ ಮೂರು ಪದಗಳು ದುಡಿಯುತ್ತವೆ. ಗಡಿಯಾರದ ಗಂಟೆ ಒಂದು ಚುಕ್ಕಿ, ‘ಆ್ಯಟ್ ಫೈವ್’. ವಾರದ ದಿನ, ತಾರೀಖುಗಳಿಗೆ ‘ಆನ್’. ತಿಂಗಳು, ವರ್ಷ, ಶತಮಾನಗಳು ಒಳಗೆ ಜಾಗವಿರುವ ದೊಡ್ಡ ಒಡಲುಗಳು, ಅವಕ್ಕೆ ‘ಇನ್’. ಬೆಳಗ್ಗೆ, ಮಧ್ಯಾಹ್ನ, ಸಂಜೆಗೆ ‘ಇನ್’ ಬಂದರೂ ರಾತ್ರಿಗೆ ‘ಆ್ಯಟ್ ನೈಟ್’. ಇದನ್ನು ಒಪ್ಪಿಕೊಂಡು ಮುಂದೆ ಹೋಗುವುದು ಲೇಸು. ವಾರಾಂತ್ಯಕ್ಕೆ ಬ್ರಿಟಿಷರು ‘ಆ್ಯಟ್’ ಎನ್ನುತ್ತಾರೆ, ಅಮೆರಿಕನ್ನರು ‘ಆನ್’ ಎನ್ನುತ್ತಾರೆ. ಅವರಲ್ಲೇ ಒಮ್ಮತವಿಲ್ಲದ ಕಡೆ ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ‘ನೆಕ್ಸ್ಟ್’, ‘ಲಾಸ್ಟ್’, ‘ದಿಸ್’, ‘ಎವೆರಿ’ ಬಂದರೆ ಪ್ರಿಪೊಸಿಷನ್ ಜಾಗ ಬಿಟ್ಟುಕೊಡುತ್ತದೆ ಎಂಬುದು ನೆನಪಿರಲಿ. ‘ಐ ವಿಲ್ ಕಮ್ ಆನ್ ನೆಕ್ಸ್ಟ್ ಮಂಡೇ’ ತಪ್ಪು, ‘ಆನ್’ ತೆಗೆದುಬಿಟ್ಟರೆ ಸರಿ.

ದುಡಿದು ದಣಿದ ‘ಇಂದ’

‘ಅಲ್ಲಿ’ ಮೂರು ಹೋಳಾದರೆ, ‘ಇಂದ’ ಚೂರುಚೂರಾಗುತ್ತದೆ. ಚಾಕುವಿನಿಂದ ಕತ್ತರಿಸಿದೆ ಎನ್ನುವಾಗ ಅದು ‘ವಿತ್’, ಕೈಯಲ್ಲಿ ಹಿಡಿದ ಸಲಕರಣೆಗೆ ಬರುವುದು ಅದು. ಅವನಿಂದ ಬರೆಯಲ್ಪಟ್ಟಿತು ಎನ್ನುವಾಗ ‘ಬೈ’, ಅದು ಮಾಡಿದವರಿಗೆ. ಮನೆಯಿಂದ ಬಂದೆ ಎನ್ನುವಾಗ ‘ಫ್ರಮ್’. ಮರದಿಂದ ಮಾಡಿದ ಮೇಜು ‘ಮೇಡ್ ಆವ್ ವುಡ್’, ಏಕೆಂದರೆ ಮೇಜಿನಲ್ಲಿ ಮರ ಮರವಾಗಿಯೇ ಕಾಣುತ್ತದೆ. ಮರದ ತಿರುಳಿನಿಂದ ಮಾಡಿದ ಕಾಗದ ‘ಮೇಡ್ ಫ್ರಮ್ ವುಡ್’, ಏಕೆಂದರೆ ಅದರಲ್ಲಿ ಮರದ ಗುರುತೇ ಉಳಿದಿಲ್ಲ. ಭಯದಿಂದ ನಡುಗಿದ ಎಂದರೆ ಮತ್ತೆ ‘ವಿತ್’. ಮಳೆಯಿಂದಾಗಿ ಆಟ ನಿಂತಿತು ಎಂದರೆ ‘ಬಿಕಾಸ್ ಆವ್’.

ಇಷ್ಟರಲ್ಲಿ ಅತಿ ಹೆಚ್ಚು ಜನ ಎಡವುವುದು ಕಾಲದ ‘ಇಂದ’ದಲ್ಲಿ. ‘ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದು ಸಹಜವಾಗಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಆಗಿಬಿಡುತ್ತದೆ. ಇದರಲ್ಲಿ ಎರಡು ತಪ್ಪು ಒಟ್ಟಿಗೆ ಕೂತಿವೆ. ಕನ್ನಡದಲ್ಲಿ ‘ಎರಡು ವರ್ಷದಿಂದ’ ಎನ್ನಬಹುದು, ‘ಸೋಮವಾರದಿಂದ’ ಎಂದೂ ಎನ್ನಬಹುದು. ಮೊದಲನೆಯದು ಅಳತೆ, ಎಷ್ಟು ಕಾಲ ಎಂದು ಹೇಳುತ್ತದೆ. ಎರಡನೆಯದು ಮೊಳೆ ಹೊಡೆದ ಹಾಗೆ, ಶುರುವಾದ ಗಳಿಗೆಯನ್ನು ತೋರಿಸುತ್ತದೆ. ಅಳತೆಗೆ ‘ಫಾರ್’, ಶುರುವಿಗೆ ‘ಸಿನ್ಸ್’. ಹಾಗಾಗಿ ‘ಫಾರ್ ಟೂ ಇಯರ್ಸ್’, ‘ಸಿನ್ಸ್ ಮಂಡೇ’. ಇನ್ನೊಂದು ತಪ್ಪು ಕ್ರಿಯಾಪದದ್ದು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ಇಂಗ್ಲಿಷ್ ಬರಿಯ ವರ್ತಮಾನವನ್ನು ಒಪ್ಪುವುದಿಲ್ಲ. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’ ಎನ್ನಬೇಕು.

‘ಎರಡು ದಿನ ಬಿಟ್ಟು ಬರುತ್ತೇನೆ’ ಎಂಬುದೂ ಇಂಥದ್ದೇ. ನಾವು ‘ಆಫ್ಟರ್ ಟೂ ಡೇಸ್’ ಎನ್ನುತ್ತೇವೆ. ಇಂದಿನಿಂದ ಎಣಿಸಿ ಮುಂದಿನ ಮಾತಾಡುವಾಗ ಇಂಗ್ಲಿಷಿನವರು ಹೇಳುವುದು ‘ಇನ್ ಟೂ ಡೇಸ್’. ಅದನ್ನು ಕೇಳಿ ನಮ್ಮ ಕಿವಿ ‘ಎರಡು ದಿನದೊಳಗೆ’ ಎಂದು ಅರ್ಥಮಾಡಿಕೊಳ್ಳುತ್ತದೆ! ಒಳಗೆ ಎಂಬುದಕ್ಕೆ ಅಲ್ಲಿ ‘ವಿದಿನ್’ ಬೇಕು. ‘ಬೈ’ ಮತ್ತು ‘ಅಂಟಿಲ್’ ಜೋಡಿಯೂ ಗೊಂದಲದ್ದೇ. ‘ಶುಕ್ರವಾರದ ಹೊತ್ತಿಗೆ ಮುಗಿಸು’ ಎಂದರೆ ‘ಬೈ ಫ್ರೈಡೇ’, ಕೆಲಸ ಅಷ್ಟರೊಳಗೆ ಯಾವಾಗ ಮುಗಿದರೂ ಆದೀತು. ‘ಶುಕ್ರವಾರದ ತನಕ ಕಾಯಿ’ ಎಂದರೆ ‘ಅಂಟಿಲ್ ಫ್ರೈಡೇ’, ಕಾಯುವುದು ಅಲ್ಲಿಯವರೆಗೂ ಎಡೆಬಿಡದೆ ನಡೆಯುತ್ತಿರಬೇಕು. ಕೆಲಸ ಒಪ್ಪಿಸುವ ಗಡುವಿನ ಪತ್ರದಲ್ಲಿ ಇವು ಅದಲುಬದಲಾದರೆ ಗಡುವೇ ಬದಲಾಗುತ್ತದೆ.

ಬೇಡದ ಕಡೆ ಬರುವ ‘ಅಬೌಟ್’

‘ಲೆಟ್ ಅಸ್ ಡಿಸ್ಕಸ್ ಅಬೌಟ್ ದಿಸ್.’ ಈ ವಾಕ್ಯದ ‘ಅಬೌಟ್’ ಹೆಚ್ಚುವರಿ ಎಂದು ಎಲ್ಲ ವ್ಯಾಕರಣ ಪುಸ್ತಕಗಳೂ ಹೇಳುತ್ತವೆ. ಏಕೆ ಹೆಚ್ಚುವರಿ, ಅದು ನಮ್ಮ ಬಾಯಿಗೆ ಬರುವುದಾದರೂ ಏಕೆ ಎಂದು ವಿವರಿಸುವ ಪುಸ್ತಕ ಕಡಿಮೆ. ಕಾರಣ ಕನ್ನಡದ ‘ಮಾಡು’ವಿನಲ್ಲಿದೆ ಎಂದು ನನ್ನ ಅನಿಸಿಕೆ.

ನಾವು ಅನೇಕ ಕ್ರಿಯೆಗಳನ್ನು ನಾಮಪದಕ್ಕೆ ‘ಮಾಡು’ ಸೇರಿಸಿ ಕಟ್ಟುತ್ತೇವೆ: ಚರ್ಚೆ ಮಾಡು, ವಿನಂತಿ ಮಾಡು, ಪ್ರವೇಶ ಮಾಡು, ದಾಳಿ ಮಾಡು. ನಾಮಪದ ಬಂದ ಮೇಲೆ ಅದಕ್ಕೊಂದು ನಂಟಿನ ಪದವೂ ಬೇಕಲ್ಲ? ಅದರ ಬಗ್ಗೆ ಚರ್ಚೆ, ಅವರ ಮೇಲೆ ದಾಳಿ. ಇಂಗ್ಲಿಷಿನಲ್ಲೂ ನಾಮಪದಗಳು ಈ ನಂಟು ಬೇಡುತ್ತವೆ. ‘ಎ ಡಿಸ್ಕಷನ್ ಅಬೌಟ್ ದಿಸ್’ ಸರಿ. ‘ಎ ರಿಕ್ವೆಸ್ಟ್ ಫಾರ್ ಹೆಲ್ಪ್’ ಸರಿ. ‘ಆ್ಯನ್ ಅಟ್ಯಾಕ್ ಆನ್ ದ ಫೋರ್ಟ್’ ಸರಿ. ‘ಎಂಫಸಿಸ್ ಆನ್ ಕ್ವಾಲಿಟಿ’ ಸರಿ. ಆದರೆ ಅದೇ ಪದ ಕ್ರಿಯಾಪದವಾದ ಕೂಡಲೇ ನೇರವಾಗಿ ಕರ್ಮಪದದ ಕೈ ಹಿಡಿಯುತ್ತದೆ, ನಡುವೆ ದಲ್ಲಾಳಿ ಬೇಡ: ‘ಡಿಸ್ಕಸ್ ದಿಸ್’, ‘ರಿಕ್ವೆಸ್ಟ್ ಹೆಲ್ಪ್’, ‘ಅಟ್ಯಾಕ್ ದ ಫೋರ್ಟ್’, ‘ಎಂಫಸೈಜ್ ಕ್ವಾಲಿಟಿ’. ‘ಎಂಟರ್ ದ ರೂಮ್’, ‘ಆರ್ಡರ್ ಎ ಬುಕ್’, ‘ಅಪ್ರೋಚ್ ದ ಮ್ಯಾನೇಜರ್’ಗಳೂ ಈ ಗುಂಪಿನವೇ. ಪ್ರಿಪೊಸಿಷನ್ ಬೇಕೋ ಬೇಡವೋ ಎಂದು ಅನುಮಾನ ಬಂದಾಗ ಮೊದಲು ಕೇಳಿಕೊಳ್ಳಬೇಕಾದ್ದು ಇದು: ನಾನೀಗ ಬರೆದಿರುವುದು ನಾಮಪದವೋ ಕ್ರಿಯಾಪದವೋ? ಎಲ್ಲ ಪದಗಳೂ ಹೀಗೇ ನಡೆಯುತ್ತವೆ ಎನ್ನಲಾರೆ, ‘ವೇಟ್’ ಕ್ರಿಯಾಪದವಾದರೂ ‘ಫಾರ್’ ಬೇಡುತ್ತದೆ. ಅದರ ಅಣ್ಣನಂತಿರುವ ‘ಅವೇಟ್’ಗೆ ಅದು ಬೇಡ. ಆದರೂ ಈ ಒಂದು ಪ್ರಶ್ನೆಯಿಂದ ತೊಲಗುವ ತಪ್ಪುಗಳು ಬಹಳ.

‘ಗೆ’ ಪ್ರತ್ಯಯದ ಕಥೆಯೂ ಇದಕ್ಕೆ ಹತ್ತಿರದ್ದು. ‘ಅವನಿಗೆ ಹೇಳಿದೆ’ ಎಂಬುದು ‘ಐ ಟೋಲ್ಡ್ ಟು ಹಿಮ್’ ಆಗುತ್ತದೆ. ‘ಟೆಲ್’ಗೆ ‘ಟು’ ಬೇಡ, ‘ಸೇ’ಗೆ ಬೇಕು. ‘ಎಕ್ಸ್‌ಪ್ಲೇನ್’ ಮಾತ್ರ ಉಲ್ಟಾ: ಬೇಕಾದ ‘ಟು’ವನ್ನು ಬಿಟ್ಟು ‘ಎಕ್ಸ್‌ಪ್ಲೇನ್ ಮಿ’ ಎನ್ನುವವರೇ ಹೆಚ್ಚು. ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಎಂಬುದು ಸರಿ. ‘ರೀಚ್’ಗೆ ‘ಟು’ ಬೇಡ. ‘ಅರೈವ್’ಗೂ ‘ಟು’ ಬರುವುದಿಲ್ಲ, ತಲುಪಿದ್ದು ಚುಕ್ಕಿಯಾದರೆ ‘ಆ್ಯಟ್’, ಊರು, ದೇಶವಾದರೆ ‘ಇನ್’.

ಅರ್ಥಕ್ಕೆ ಬಗ್ಗದವು

ಇಲ್ಲಿಯವರೆಗೆ ಹೇಳಿದ್ದಕ್ಕೆ ಹೇಗೋ ಒಂದು ತರ್ಕವಿತ್ತು. ಇನ್ನು ಕೆಲವು ಕ್ರಿಯಾಪದ, ಗುಣವಾಚಕಗಳು ತಮ್ಮ ಪ್ರಿಪೊಸಿಷನ್ನನ್ನು ಹುಟ್ಟಿನಿಂದಲೇ ಕಟ್ಟಿಕೊಂಡು ಬಂದಿವೆ. ಅವುಗಳ ಮುಂದೆ ನಮ್ಮ ತರ್ಕ ನಡೆಯದು. ಅವನ ಮೇಲೆ ಕೋಪ ಎಂದು ‘ಆ್ಯಂಗ್ರಿ ಆನ್ ಹಿಮ್’ ಎಂದರೆ ತಪ್ಪು. ಕೋಪ ‘ವಿತ್’ ಅಥವಾ ‘ಆ್ಯಟ್’ ಜೊತೆ ಹೋಗುತ್ತದೆ. ಅವಳ ಜೊತೆ ಮದುವೆ ಎಂದು ‘ಮ್ಯಾರೀಡ್ ವಿತ್’ ಎಂದರೂ ತಪ್ಪು, ‘ಮ್ಯಾರೀಡ್ ಟು’ ಎನ್ನಬೇಕು. ಹಾಡುವುದರಲ್ಲಿ ಜಾಣ ಎಂದರೆ ‘ಗುಡ್ ಆ್ಯಟ್’, ಸಂಗೀತದಲ್ಲಿ ಆಸಕ್ತಿ ಎಂದರೆ ‘ಇಂಟ್ರೆಸ್ಟೆಡ್ ಇನ್’. ಎರಡರಲ್ಲೂ ನಮ್ಮದು ಅದೇ ‘ಅಲ್ಲಿ’. ಇವನ್ನು ಬಿಡಿಯಾಗಿ ಕಲಿಯಬಾರದು, ಜೋಡಿಪದವೆಂದೇ ನಾಲಿಗೆಗೆ ಹತ್ತಿಸಿಕೊಳ್ಳಬೇಕು. ‘ಡಿಪೆಂಡ್’ ಎಂಬ ಪದವೇ ಇಲ್ಲ, ಇರುವುದು ‘ಡಿಪೆಂಡ್ ಆನ್’ ಎಂದುಕೊಂಡುಬಿಡುವುದು ಒಳ್ಳೆಯದು.

‘ಗಿಂತ’ ಬಂದ ಕಡೆಯೆಲ್ಲ ‘ದ್ಯಾನ್’ ಹಾಕುವ ಅಭ್ಯಾಸವೂ ಒಂದು. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಲ್ಯಾಟಿನ್ನಿನಿಂದ ಹಾಗೆಯೇ ಬಂದ ತುಲನಾ ರೂಪಗಳು. ಅವಕ್ಕೆ ‘ದ್ಯಾನ್’ ಕೂಡದು, ‘ಟು’ ಬೇಕು. ‘ಶೀ ಈಸ್ ಸೀನಿಯರ್ ಟು ಮಿ.’ ‘ಪ್ರಿಫರ್’ ಕೂಡ ಇವುಗಳ ದಾಯಾದಿಯೇ: ‘ಐ ಪ್ರಿಫರ್ ವಾಕಿಂಗ್ ಟು ಡ್ರೈವಿಂಗ್’.

ಈ ಕೊನೆಯ ವಾಕ್ಯದಲ್ಲಿ ‘ಟು’ ಆದಮೇಲೆ ‘ಡ್ರೈವ್’ ಬರದೆ ‘ಡ್ರೈವಿಂಗ್’ ಬಂದಿದೆ. ಇಂಗ್ಲಿಷಿನಲ್ಲಿ ಎರಡು ‘ಟು’ಗಳಿವೆ. ಒಂದು, ‘ಹೋಗಲು’, ‘ನೋಡಲು’ ಎಂಬಲ್ಲಿನ ‘ಅಲು’ವಿನಂಥದ್ದು, ಅದಾದಮೇಲೆ ಮೂಲ ಕ್ರಿಯಾಪದ ಬರುತ್ತದೆ. ಇನ್ನೊಂದು ಅಪ್ಪಟ ಪ್ರಿಪೊಸಿಷನ್, ಅದಾದಮೇಲೆ ನಾಮಪದ ಅಥವಾ ‘ಇಂಗ್’ ಸೇರಿ ನಾಮಪದದಂತಾದ ಕ್ರಿಯೆ ಬರಬೇಕು. ಕಚೇರಿಯ ಪತ್ರಗಳ ಕೊನೆಯಲ್ಲಿ ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂದು ಬರೆಯುತ್ತಾರಲ್ಲ, ಅಲ್ಲಿ ಯಾವ ‘ಟು’ ಇದೆ? ಕ್ರಿಯೆಯನ್ನು ತೆಗೆದು ಒಂದು ನಾಮಪದ ಇಟ್ಟು ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ದ ಮೀಟಿಂಗ್’ ಎನ್ನಲು ಬರುತ್ತದೆ. ಅಂದರೆ ಇದು ಪ್ರಿಪೊಸಿಷನ್, ಹಾಗಾಗಿ ‘ಟು ಮೀಟಿಂಗ್ ಯು’. ‘ಐ ವಾಂಟ್ ಟು ದ ಮೀಟಿಂಗ್’ ಎನ್ನಲು ಬರುವುದಿಲ್ಲ, ಹಾಗಾಗಿ ‘ವಾಂಟ್ ಟು ಮೀಟ್’.

ವಾಕ್ಯದ ತುದಿಯಲ್ಲಿ ಕಳೆದುಹೋಗುವ ಪದ

ವಾಕ್ಯವನ್ನು ಪ್ರಿಪೊಸಿಷನ್ನಿನಲ್ಲಿ ಮುಗಿಸಬಾರದು ಎಂಬ ಮಾತನ್ನು ಕೇಳಿರಬಹುದು. 1672ರಲ್ಲಿ ಕವಿ ಜಾನ್ ಡ್ರೈಡನ್ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನ ಸಾಲೊಂದನ್ನು ಎತ್ತಿಕೊಂಡು, ಅದು ಪ್ರಿಪೊಸಿಷನ್ನಿನಲ್ಲಿ ಮುಗಿದಿರುವುದೇ ದೋಷ ಎಂದ. 1762ರಲ್ಲಿ ವ್ಯಾಕರಣ ಬರೆದ ಬಿಷಪ್ ರಾಬರ್ಟ್ ಲೌತ್ ಇನ್ನೂ ಮೆತ್ತಗೆ ಹೇಳಿದ: ಆಡುಮಾತಿಗೆ ಇದು ಒಪ್ಪುತ್ತದೆ, ಗಂಭೀರ ಬರಹಕ್ಕೆ ಮುಂದಿಡುವುದು ಚೆಂದ. ‘ನಮ್ಮ ಭಾಷೆ ಈ ಬಳಕೆಗೆ ಬಹಳ ಒಲಿದಿದೆ’ ಎಂದು ಇಂಗ್ಲಿಷಿನ ಬಗ್ಗೆ ಹೇಳುವಾಗ ಅವನ ಆ ಮಾತೇ ‘ಟು’ನಲ್ಲಿ ಮುಗಿದಿತ್ತು. ಮುಂದೆ ಮೇಷ್ಟರುಗಳ ಕೈಗೆ ಸಿಕ್ಕಿ ಅದು ಕಟ್ಟಳೆಯೇ ಆಯಿತು. ಇಂದಿನ ವ್ಯಾಕರಣಕಾರರು ಅದನ್ನು ಕಟ್ಟಳೆ ಎಂದು ಒಪ್ಪುವುದಿಲ್ಲ. ‘ವಾಟ್ ಆರ್ ಯು ಲುಕಿಂಗ್ ಆ್ಯಟ್’ ಎಂಬುದು ಶುದ್ಧ ಇಂಗ್ಲಿಷ್.

ಕನ್ನಡಿಗರ ಮಟ್ಟಿಗೆ ಆ ಕಟ್ಟಳೆ ಮಾಡಿದ ಹಾನಿ ಬೇರೆಯದು. ತುದಿಯಲ್ಲಿ ಬರಬೇಕಾದ ಪ್ರಿಪೊಸಿಷನ್ನನ್ನು ನಾವು ಮೊದಲೇ ನುಂಗಿಬಿಡುತ್ತೇವೆ, ಕಟ್ಟಳೆ ಅದಕ್ಕೊಂದು ನೆಪ ಕೊಡುತ್ತದೆ. ‘ನಾನು ಮನೆಯಲ್ಲಿ ಇದ್ದೇನೆ’ ಎಂಬುದರಲ್ಲಿ ‘ಅಲ್ಲಿ’ ಇದೆ. ‘ನಾನು ಇರುವ ಮನೆ’ ಎಂದಾಗ ಅದು ಎಲ್ಲಿ ಹೋಯಿತು? ‘ಪೆನ್ನಿನಿಂದ ಬರೆಯುತ್ತೇನೆ’ ಎಂಬುದು ‘ನಾನು ಬರೆಯುವ ಪೆನ್ನು’ ಆದಾಗ ‘ಇಂದ’ ಮಾಯ. ಕ್ರಿಯಾಪದವನ್ನು ನಾಮಪದದ ಮುಂದೆ ವಿಶೇಷಣವಾಗಿಟ್ಟ ಕೂಡಲೇ ಕನ್ನಡ ವಿಭಕ್ತಿಯನ್ನು ಕಳಚಿಹಾಕುತ್ತದೆ. ಕೇಳುವವರು ಅದನ್ನು ಊಹಿಸಿಕೊಳ್ಳಲಿ ಎಂಬ ಭರವಸೆ. ಇಂಗ್ಲಿಷಿಗೆ ಆ ಭರವಸೆಯಿಲ್ಲ, ಅದು ಪ್ರಿಪೊಸಿಷನ್ನನ್ನು ಕೊನೆಯಲ್ಲಾದರೂ ನಿಲ್ಲಿಸಿಕೊಳ್ಳುತ್ತದೆ: ‘ದ ಹೌಸ್ ಐ ಲಿವ್ ಇನ್’, ‘ದ ಪೆನ್ ಐ ರೈಟ್ ವಿತ್’. ‘ಕೂರಲು ಕುರ್ಚಿ’ಯೂ ಅಲ್ಲಿ ‘ಎ ಚೇರ್ ಟು ಸಿಟ್ ಆನ್’.

ಸರಿಯೋ ತಪ್ಪೋ ನೋಡಲು ವಾಕ್ಯವನ್ನು ಬಿಚ್ಚಿದರೆ ಸಾಕು. ‘ಎ ಫ್ರೆಂಡ್ ಟು ಟಾಕ್’ ಎಂದು ಬರೆದಿದ್ದೀರಿ ಎನ್ನಿ. ಬಿಚ್ಚಿದಾಗ ‘ಐ ಟಾಕ್ ಎ ಫ್ರೆಂಡ್’ ಎಂದಾಗುತ್ತದೆ, ಅದು ನಿಲ್ಲುವುದಿಲ್ಲ. ನಿಲ್ಲುವುದು ‘ಐ ಟಾಕ್ ಟು ಎ ಫ್ರೆಂಡ್’. ಅಲ್ಲಿ ಬೇಕಾದ ಆ ‘ಟು’ ಇಲ್ಲೂ ಬೇಕು: ‘ಎ ಫ್ರೆಂಡ್ ಟು ಟಾಕ್ ಟು’. ಒಂದು ‘ಟು’ ‘ಅಲು’ವಿಗೆ, ಇನ್ನೊಂದು ನಾವು ಕನ್ನಡದಲ್ಲಿ ಕಳಚಿಟ್ಟ ‘ಜೊತೆ’ಗೆ.